ಎದುರುಮನೆಯ ವೈನಿಯ ಕಾಲುಂಗುರ

ಮೊನ್ನೆ ಓಣಿಯ ಹುಡುಗರು ಕೇರಂ ಬೋರ್ಡಿನ ಮೇಲೆ ಪೌಡರ್ ಉದುರಿಸಿ ಅಂಗೈಯಿಂದ ಸವರುತ್ತಿದ್ದರು. ಯಾರದೋ ಮನೆಯಿಂದ ಮುಖಕ್ಕೆ ಹಚ್ಚುವ ಪೌಡರನ್ನೇ ತಂದಿದ್ದರು. ಆ ವಾಸನೆಗೆ ನಿಪ್ಪಾಣಿಯ ನಮ್ಮ ಎದುರುಮನೆಯ ಮಹಡಿ ನೆನಪಾಯಿತು. ಆ ಕೋಣೆಯ ನೆಲಕ್ಕೂ ಹೀಗೇ ಪೌಡರ್ ಹಾಕುತ್ತಿದ್ದರು, ಕಾಲು ಹಗುರಾಗಿ ಜಾರಲೆಂದು...

ಆ ಮನೆಯ ಸೊಸೆಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ, ಅವರ ಗಂಡನನ್ನು ಅಣ್ಣ. ಎಂಬತ್ತರ ದಶಕದ ಕೊನೆ. ನಾನು ಆಗಷ್ಟೇ ಮದುವೆಯಾಗಿ ಆ ಓಣಿಗೆ ಬಂದಿದ್ದೆ. ಅಣ್ಣ ತಂಬಾಕು ವ್ಯಾಪಾರಿಯೊಬ್ಬರ ಬಳಿ ಗುಮಾಸ್ತರಾಗಿದ್ದರು. ಕೆಲಸದ ಮೇಲೆ ಬೆಳಗಾವಿಗೆ ಹೋದಾಗ, ಅಲ್ಲಿಯ ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ ಜೋಡಿಗಳು ಕೈ ಹಿಡಿದು ಸುತ್ತುವ ವಾಲ್ಟ್ಸ್ ಕುಣಿತ ನೋಡಿ ಮರುಳಾಗಿದ್ದರು. ಅಲ್ಲಿಯ ಮುದುಕ ಮಾಸ್ತರರೊಬ್ಬರು ಗಂಡ ಹೆಂಡತಿ ಇಬ್ಬರಿಗೂ ಕಲಿಸಿದರು. ರವಿವಾರ ಮಧ್ಯಾಹ್ನ ಮಹಡಿಯ ಬಾಗಿಲು ಹಾಕಿಕೊಂಡು ಟೇಪ್ ರೆಕಾರ್ಡರ್ ಹಚ್ಚುತ್ತಿದ್ದರು. ಕ್ಯಾಸೆಟ್ ತಿರುವಿ ಹಾಕಲು ನಾನು.

"ನನ್ನ ಮಾರಿ ನೋಡಬ್ಯಾಡ, ಭುಜದ ಆಚಿ ನೋಡು" ಎನ್ನುತ್ತಿದ್ದರು ಅಣ್ಣ.

"ಮದಿವ್ಯಾಗ ತೆಲಿ ಎತ್ತಾಕ ನಿಮ್ಮವ್ವ ಬಿಡಲಿಲ್ಲ, ಈಗ ನೀವೂ ಬ್ಯಾಡ ಅಂತೀರಿ. ನಿಮ್ಮ ಮಾರಿ ಯಾವಾಗ ನೋಡ್ಲಿರಿ?"

ಬೆಳಗಾವಿಯಲ್ಲಿ ಜೋಡಿಗಳ ಕುಣಿತದ ಸ್ಪರ್ಧೆ ಏರ್ಪಾಡಾಯಿತು. ವೈನಿಗೆ ಎತ್ತರದ ಹಿಮ್ಮಡಿಯ ಬೂಟು ಹೊಲಿಸಿದರು. ಅದರ ಮುಂಭಾಗ ಕಿರಿದು. ಕಾಲುಂಗುರ ಒತ್ತಿ ಬೆರಳು ಒಡೆದು ರಕ್ತ ಬರುತ್ತಿತ್ತು. ಕಾಲುಂಗುರ ಮುತ್ತೈದೆ ತಾನಾಗಿ ತೆಗೆಯುವ ವಸ್ತುವಲ್ಲ. ಗಂಡ ಸತ್ತ ಮೇಲೆ ಬೇರೆಯವರು ತೆಗೆಯುವಂಥದ್ದು. ಹಲವು ವಾರ ಹಲ್ಲು ಕಚ್ಚಿ ಕುಣಿದರು. ಕಡೆಗೆ ಅಣ್ಣನೇ ಸಾಬೂನು ಹಚ್ಚಿ ಬಿಚ್ಚಿದರು, ಪ್ರತಿ ಸಲ ತೆಗೆದು ತೊಡಿಸಲು ಸುಲಭವಾಗಲೆಂದು ಅವನ್ನು ತುಸು ಅಗಲಿಸಿದರು.

"ನಾ ಇಲ್ಲೇ ಜೀವಂತ ನಿಂತೀನಲ್ಲ? ನನ್ನ ಕಿಸೇದಾಗ ಇದ್ರ ನಿನ್ನ ಕಾಲಾಗ ಇದ್ದಂಗ."

ಕುಣಿತ ಮುಗಿದ ಮೇಲೆ ನೆಲಕ್ಕೆ ಕೂತು ತಾವೇ ಮತ್ತೆ ತೊಡಿಸುತ್ತಿದ್ದರು. ಸ್ಪರ್ಧೆಗೆ ನಾನೂ ಹೋಗಿದ್ದೆ. ಎರಡನೆಯ ಬಹುಮಾನ ಬಂತು. ಬಸ್ಸಿನಲ್ಲಿ ವೈನಿ ಬಹುಮಾನದ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡಿ ತಮ್ಮಷ್ಟಕ್ಕೆ ನಗುತ್ತಿದ್ದರು. ಅಂಥ ನಗುವನ್ನು ನಾನು ಮತ್ತೆ ನೋಡಲಿಲ್ಲ.

ಅದಾದ ಕೆಲವು ದಿನಕ್ಕೆ ವೈನಿಯ ಅತ್ತೆ ಮಹಡಿ ಹತ್ತಿ ಬಂದು, ಬೂಟು ಬಿಚ್ಚಿದ್ದ ಸೊಸೆಯ ಉಂಗುರವಿಲ್ಲದ ಕಾಲ್ಬೆರಳು ಕಂಡರು. "ಗಂಡ ಇರೂಮುಂದ ಬೋಳ ಕಾಲು! ನನ್ನ ಮಗನ ಆಯುಷ್ಯ ತುಳಿಯಾಕತ್ತಿಯೇನ ಬೇ?" ಎಂದು ಕೂಗಿದರು. ಅಣ್ಣ ನಕ್ಕುಬಿಟ್ಟರು.

ಮರುವರ್ಷ ಅಣ್ಣ ಗೋದಾಮಿನಲ್ಲಿ ಎದೆ ಹಿಡಿದುಕೊಂಡು ಕುಸಿದರು. ಮಿರಜಿನ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಹೋದರು.

ಹತ್ತನೆಯ ದಿನ ಓಣಿಯ ಮುದುಕಿಯರು ವೈನಿಯನ್ನು ಕೂರಿಸಿದರು. ವರ್ಷಗಟ್ಟಲೆ ತೊಟ್ಟ ಕಾಲುಂಗುರ ಸಲೀಸಾಗಿ ಬರುವುದಿಲ್ಲ. ಎಣ್ಣೆ ಹಚ್ಚಿ ಎಳೆಯಬೇಕು. ವೈನಿಯವು ಮುಟ್ಟಿದ ಕೂಡಲೇ ಜಾರಿ ಕೈಗೆ ಬಂದವು.

"ನೋಡ್ರೆವಾ, ಬಿಚ್ಚಿ ಬಿಚ್ಚಿ ರೂಢಿ ಆಗೇತಿ" ಎಂದರು ಅತ್ತೆ. "ಕುಣಿಯಾಕ ತಗದ್ಲು, ನನ್ನ ಮಗನ್ನ ತಿಂದ್ಲು."

ಮುಂದೆ ವೈನಿಯೂ ಅದನ್ನೇ ನಂಬಿದರು. "ಡಾಕ್ಟರ್ ಎದಿ ರೋಗ ಅಂದಾರಲ್ರಿ ವೈನಿ" ಎಂದು ನಾನೆಂದರೆ, "ಆ ರೋಗ ಅವರಿಗೇ ಯಾಕ ಬಂತು?" ಎನ್ನುತ್ತಿದ್ದರು.

ಕೆಲವು ತಿಂಗಳ ಮೇಲೆ ಬೆಳಗಾವಿಯ ಮಾಸ್ತರರು ಹುಡುಕಿಕೊಂಡು ಬಂದರು. "ಹುಡುಗ್ಯಾರಿಗೆ ಕಲಸಾಕ ಬರ್ರಿ ಅಕ್ಕಾರ. ನಿಮ್ಮಂಥಾ ಕಾಲು ನನ್ನ ಸರ್ವೀಸದಾಗ ನೋಡಿಲ್ಲ" ಎಂದರು. ವೈನಿ ಬಾಗಿಲ ಮರೆಯಿಂದಲೇ ಹೇಳಿದರು: "ಮನಿ ತಪ್ಪಿ ಬಂದೀರಿ. ನನಗ ಕುಣಿಯಾಕ ಬರೂದಿಲ್ರಿ." ಮಾಸ್ತರರು ತಿರುಗಿ ಹೋದರು.

ಆಮೇಲೆ ವೈನಿ ಐನಾಪುರಕ್ಕೆ, ಅಣ್ಣತಮ್ಮಂದಿರ ಮನೆಗೆ ಹೋದರು. ಹೋದ ತಿಂಗಳು ತೀರಿಕೊಂಡ ಸುದ್ದಿ ಬಂತು. ಮನೆಯವರನ್ನು ಮಾತಾಡಿಸಿ ಬರಲು ಹೋದೆ. ವೈನಿಯ ಸೋದರಳಿಯ ಚಾಪೆ ಹಾಸಿದ. ತಡೆಯಲಾಗದೆ, "ನಿಮ್ಮತ್ತಿ ಭಾಳ ಚಂದ ಕುಣೀತಿದ್ರಪಾ" ಎಂದೆ.

ಅವನು ನನ್ನ ವಯಸ್ಸಿಗೆ ಮರುಗುವವನಂತೆ ನೋಡಿದ. "ಬ್ಯಾರೆ ಯಾರನ್ನೋ ನೆನಸಾಕತ್ತೀರಿ ಚಿಗವ್ವ. ನಮ್ಮತ್ತಿ ಮದಿವ್ಯಾಗ ಬ್ಯಾಂಡ್ ಕೇಳಿದ್ರೂ ಎದ್ದು ಒಳಗ ಹೋಗಿ ಬಾಗಲಾ ಹಾಕ್ಕೋತಿದ್ಲು" ಎಂದ.

ಆ ಮಹಡಿಯಲ್ಲಿ ವೈನಿ ಕುಣಿದದ್ದನ್ನು ಕಂಡವರಲ್ಲಿ ಈಗ ನಾನೊಬ್ಬಳೇ ಇರುವುದು. ನನ್ನ ಮಾತನ್ನು ಹೌದೆನ್ನುವವರು ಯಾರೂ ಉಳಿದಿಲ್ಲ.