ಕ್ರಿಶಾ ಎಂದು ಕರೆಯುವವರು

ಇಟಾಸ್ಕಾದಲ್ಲಿ ನಮ್ಮ ಟೌನ್‌ಹೌಸಿನ ಪಕ್ಕದ ಬಾಗಿಲಿನವರು ಪೋಲೆಂಡಿನ ಹೆಂಗಸು. ನಾವು ಇಲ್ಲಿಗೆ ಬಂದಾಗಲೇ ಅವರಿಗೆ ಎಪ್ಪತ್ತು ದಾಟಿತ್ತು. ಮಕ್ಕಳಿರಲಿಲ್ಲ, ಗಂಡ ತೀರಿಕೊಂಡಿದ್ದರು. ಟಪಾಲು ಪೆಟ್ಟಿಗೆಯ ಮೇಲೆ ಕ್ರಿಸ್ಟೀನ್ ಎಂಬ ಹೆಸರಿತ್ತು. ನಾನು ಮೊದಲ ದಿನದಿಂದಲೇ ಆಂಟಿ ಎಂದೆ, ಅವರೂ ಒಪ್ಪಿಕೊಂಡರು.

ಅವರ ಮನೆಯಲ್ಲಿ ನಾನು ಮೊದಲು ಗಮನಿಸಿದ್ದು ಇಸ್ತ್ರಿ ಮಾಡಿ ಮಡಿಸಿಟ್ಟ ಪಾತ್ರೆ ಒರೆಸುವ ಬಟ್ಟೆಗಳನ್ನು. ಧಾರವಾಡದ ನಮ್ಮ ಕಾನ್ವೆಂಟಿನ ಅಡುಗೆಮನೆಯಲ್ಲೂ ಸಿಸ್ಟರುಗಳು ಹಾಗೇ ಇಡುತ್ತಿದ್ದರು, ಅಂಚಿಗೆ ಅಂಚು ಸರಿಯಾಗಿ ಕೂಡಿಸಿ. ಗೋಡೆಯ ಮೇಲಿನ ಮಾತೆ ಮರಿಯಳ ಪಟವನ್ನು ಗುರುತು ಹಿಡಿದು ನಾನು ಶಾಲೆಯಲ್ಲಿ ಕಲಿತ ಪ್ರಾರ್ಥನೆಯ ಎರಡು ಸಾಲು ಹೇಳಿದಾಗ ಅವರು ಕುರ್ಚಿ ಎಳೆದು ಕೊಟ್ಟರು. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ನನ್ನದು ಸಿಸ್ಟರುಗಳು ತಿದ್ದಿ ತೀಡಿದ್ದು, ಅವರದು ಕಾರ್ಖಾನೆಯ ಊಟದ ಬಿಡುವಿನಲ್ಲಿ ಕಲಿತದ್ದು. ಇಲ್ಲಿ ಬರೆಯುವಾಗ ಅದು ಕನ್ನಡವಾಗಿದೆ, ಅಷ್ಟೆ.

ನಮ್ಮ ಮಗಳು ಮಿಶಿಗನ್ನಿನ ಪ್ಲಿಮತ್‌ನಲ್ಲಿದ್ದಾಳೆ. ಆಂಟಿಯ ಅಕ್ಕ ಇದ್ದದ್ದೂ ಅದೇ ದಿಕ್ಕಿಗೆ, ಡೆಟ್ರಾಯಿಟ್ ಪಕ್ಕದ ಹಳೆಯ ಪೋಲಿಶ್ ಬೀದಿಯೊಂದರಲ್ಲಿ. ಹಾಗಾಗಿ ನಾವು ಮಗಳ ಮನೆಗೆ ಹೊರಟಾಗಲೆಲ್ಲ ಅವರನ್ನೂ ಕರೆದುಕೊಂಡು ಹೋಗುವ ರೂಢಿಯಾಯಿತು. ಹಿಂದಿನ ಸೀಟಿನಲ್ಲಿ ಗಸಗಸೆ ತುಂಬಿದ ಬ್ರೆಡ್ಡಿನ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಡಿಕ್ಕಿಯಲ್ಲಿಡಿ ಎಂದರೆ ಕೇಳುತ್ತಿರಲಿಲ್ಲ.

ಮೊದಲ ಸಲ ಹೋದಾಗ ಆ ಅಕ್ಕ ಮನೆಯ ಮುಂದಿನ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತಿದ್ದರು. ನಮ್ಮ ಕಾರು ತಿರುಗುತ್ತಲೇ "ಕ್ರಿಶೂ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಮಂಡಿನೋವಿನ ಆಂಟಿ ಕಾರು ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆಗೆದರು.

"ಏ, ಏ, ತಡೀರಿ!" ಎಂದು ನಮ್ಮವರು ಬ್ರೇಕ್ ಒತ್ತಿದರು.

ವಾಪಸು ಬರುವಾಗ ಆ ಹೆಸರೇನು ಎಂದು ಕೇಳಿದೆ. ಚರ್ಚಿನಲ್ಲಿ ನೀರು ಹಾಕಿ ಇಟ್ಟ ಹೆಸರು ಕ್ರಿಸ್ಟೀನಾ, ಕ್ರಿಸ್ತನ ಹೆಸರಿನಿಂದ ಬಂದದ್ದು ಎಂದರು. ಆದರೆ ಅದು ಪಾದ್ರಿಗೆ, ಶಾಲೆಗೆ, ಸರ್ಕಾರಕ್ಕೆ. ಮನೆಯಲ್ಲಿ ಕ್ರಿಶಾ. ಎದುರಿಗೆ ಕರೆಯುವಾಗ ಅದೇ ಕ್ರಿಶು ಆಗುತ್ತದೆ. ಜ್ವರ ಬಂದು ಮಲಗಿದರೆ ಇನ್ನೂ ಮೆತ್ತಗಾಗಿ ಕ್ರಿಶೆಂಕಾ. ನಮ್ಮಲ್ಲೂ ಪುಟ್ಟು, ಚಿನ್ನು ಅಂತೀವಿ ಎಂದೆ. ಅವರಿಗೆ ಖುಷಿಯಾಯಿತು.

"ಅಮ್ಮ ಪೂರ್ತಿ ಕ್ರಿಸ್ಟೀನಾ ಅಂದ್ರೆ ನಾನು ಏನೋ ಒಡೆದು ಹಾಕಿದೀನಿ ಅಂತ ಅರ್ಥ."

"ಮತ್ತೆ ಕ್ರಿಸ್ಟೀನ್?"

"ಅದು ಇಲ್ಲಿಯ ಕಾಗದದ್ದು. ಫ್ಯಾಕ್ಟರಿಯಲ್ಲಿ ಅದನ್ನೂ ಕತ್ತರಿಸಿ ಕ್ರಿಸ್ ಮಾಡಿದ್ರು. ನಲವತ್ತು ವರ್ಷ ಕ್ರಿಸ್, ಕ್ರಿಸ್. ನಾಯೀನ ಕರೆದ ಹಾಗೆ." ನಕ್ಕರು. "ಇಲ್ಲಿಯವರು ಟೈಮ್ ಉಳಿಸೋಕೆ ಹೆಸರು ಚಿಕ್ಕದು ಮಾಡ್ತಾರೆ."

ನಾನೂ ನನ್ನದನ್ನು ಹೇಳಿದೆ. ಮದುವೆಯ ದಿನ ಅಕ್ಕಿ ಹರಡಿದ ತಟ್ಟೆಯಲ್ಲಿ ಉಂಗುರದಿಂದ ಹೊಸ ಹೆಸರು ಬರೆದದ್ದು, ಅಂದಿನಿಂದ ಗಂಡನ ಮನೆಯವರಿಗೂ ಪಾಸ್‌ಪೋರ್ಟಿಗೂ ನಾನು ಆ ಹೆಸರಿನವಳೇ ಆದದ್ದು, ತವರಿನ ಹೆಸರು ಈಗ ಧಾರವಾಡದ ಅಣ್ಣನ ಬಾಯಲ್ಲಿ ಮಾತ್ರ ಉಳಿದದ್ದು.

"ಎರಡಕ್ಕೂ ತಿರುಗಿ ನೋಡ್ತೀಯಾ?"

"ನೋಡ್ತೀನಿ."

"ಬೇಗ ತಿರುಗೋದು ಯಾವುದಕ್ಕೆ?"

ನಾನು ಕಿಟಕಿಯಾಚೆ ನೋಡಿದೆ.

ಎರಡು ವರ್ಷದ ಹಿಂದಿನ ಚಳಿಗಾಲ ಶುರುವಾಗುವಾಗ ಆ ಅಕ್ಕ ತೀರಿಕೊಂಡರು. ಅಂತ್ಯಕ್ರಿಯೆಗೆ ನಾವೇ ಕರೆದುಕೊಂಡು ಹೋದೆವು. ಚರ್ಚಿನಲ್ಲಿ ಹತ್ತಿಪ್ಪತ್ತು ಜನ, ಎಲ್ಲರೂ ವಯಸ್ಸಾದವರು, ಯಾರೂ ಕೋಟು ಬಿಚ್ಚಿರಲಿಲ್ಲ. ಎಲ್ಲರೂ ಆಂಟಿಯ ಕೈಹಿಡಿದು ಅವರಲ್ಲಿ ಗೌರವಕ್ಕೆ ಹೇಳುವಂತೆ ಪಾನಿ ಕ್ರಿಸ್ಟೀನಾ ಎಂದರು. ಪಾನಿ ಅಂದರೆ ನಮ್ಮ ಅಮ್ಮಾವ್ರು ಇದ್ದ ಹಾಗೆ.

ವಾಪಸು ಬರುವಾಗ ಹೆದ್ದಾರಿಯ ಪಕ್ಕದ ವಿಶ್ರಾಂತಿ ತಾಣವೊಂದರಲ್ಲಿ ನಿಲ್ಲಿಸಿದೆವು. ನಮ್ಮವರು ಕಾಫಿ ತರಲು ಹೋದರು. ಆಂಟಿ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಚ್ಚುತ್ತಾ ಹೇಳಿದರು: "ಅಮ್ಮ ಹೋದಳು, ಗಂಡ ಹೋದ, ಈಗ ಇವಳು. ಕ್ರಿಶಾ ಅನ್ನೋರು ಯಾರೂ ಉಳಿದಿಲ್ಲ. ನೀನು ಕರೀತೀಯಾ?"

ನಾನು ಆಗಲಿ ಎಂದೆ. ಬಾಯಿ ತೆರೆದೆ. ಬಂದದ್ದು "ಕ್ರಿಶಾ ಆಂಟಿ."

"ಆಂಟಿ ಬೇಡ. ಆಂಟಿ ಅಂದ್ರೆ ಕ್ರಿಶಾ ಓಡಿಹೋಗ್ತಾಳೆ."

ಮತ್ತೆ ಪ್ರಯತ್ನಿಸಿದೆ. ಆಗಲಿಲ್ಲ. ನನಗಿಂತ ಇಪ್ಪತ್ತು ವರ್ಷಕ್ಕೂ ದೊಡ್ಡವರನ್ನು ಬರಿಯ ಹೆಸರು ಹಿಡಿದು, ಅದೂ ತೊಟ್ಟಿಲ ಮಗುವನ್ನು ಕರೆದಂತೆ ಕರೆಯುವುದು ಹೇಗೆ? ನಮ್ಮ ಮನೆಗಳಲ್ಲಿ ಎರಡು ವರ್ಷ ದೊಡ್ಡವಳಾದ ಪಕ್ಕದ ಮನೆ ಹುಡುಗಿಗೂ ಅಕ್ಕ ಅನ್ನದೆ ಇದ್ದರೆ ತಲೆಗೆ ಮೊಟಕುತ್ತಿದ್ದರು. ನನ್ನ ಮುಖ ನೋಡಿ ಅವರೇ "ನಿಧಾನವಾಗಿ ಕಲಿ" ಎಂದು ಕೈಗವಸು ಮತ್ತೆ ಹಾಕಿಕೊಂಡರು.

ಮನೆಗೆ ಬಂದ ಮೇಲೆ ಹೇಳಿದಾಗ ನಮ್ಮವರು ಜೋರಾಗಿ ನಕ್ಕರು. "ಮೂವತ್ತು ವರ್ಷದಾಗ ನನ್ನ ಹೆಸರು ಒಮ್ಮೆರ ಕರದೀಯೇನ? ‘ಏನಂದ್ರಿ, ಕೇಳಸ್ತೇನ್ರಿ.’ ಈಗ ಆ ಮುದುಕೀಗೆ ಅಡ್ಡಹೆಸರು ಹಿಡದು ಕರೀತಿ ಅಂತ!"

"ಅದು ಅಡ್ಡಹೆಸರಲ್ಲರಿ."

"ಮತ್ತೇನು?"

ನಾನು ಎದ್ದು ಅಡುಗೆಮನೆಗೆ ಹೋದೆ.

ಮಗಳಿಗೆ ಫೋನಿನಲ್ಲಿ ಹೇಳಿದರೆ ಅವಳಿಗೆ ಸಮಸ್ಯೆಯೇ ತಿಳಿಯಲಿಲ್ಲ. "ಅಮ್ಮಾ, ಜಸ್ಟ್ ಸೇ ಇಟ್. ಶಿ ಆಸ್ಕ್ಡ್ ಯೂ!" ನಿಜವೇ. ಅವಳು ತನ್ನ ಬಾಸನ್ನೂ ಹೆಸರು ಹಿಡಿದೇ ಕರೆಯುತ್ತಾಳೆ.

ಪಾತ್ರೆ ತೊಳೆಯುವಾಗ, ಹೋಳಿಗೆಗೆ ಹೂರಣ ಕಲಸುವಾಗ ಒಬ್ಬಳೇ ಕ್ರಿಶು, ಕ್ರಿಶು ಎಂದು ಹೇಳಿಕೊಂಡು ನೋಡುತ್ತಿದ್ದೆ. ಸಲೀಸಾಗಿ ಬರುತ್ತಿತ್ತು. ಹೋಳಿಗೆಯ ಡಬ್ಬಿ ಹಿಡಿದು ಪಕ್ಕದ ಬಾಗಿಲು ತಟ್ಟಿ, ಅವರು ಏಪ್ರನ್ನಿಗೆ ಕೈ ಒರೆಸುತ್ತಾ ಬಂದು ನಿಂತರೆ, ಮತ್ತೆ ಆಂಟಿಯೇ. ಮೊದಮೊದಲು ಅವರು ಹುಬ್ಬೇರಿಸಿ ಒಂದು ಕ್ಷಣ ಕಾಯುತ್ತಿದ್ದರು. ವಸಂತ ಬರುವ ಹೊತ್ತಿಗೆ ಕಾಯುವುದನ್ನೂ ಬಿಟ್ಟರು. ಡಬ್ಬಿ ತೆಗೆದುಕೊಂಡು "ಬಿಸಿ ಇದೆಯಲ್ಲಾ" ಎನ್ನುವರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಕೋಪ ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬೇಸಿಗೆಯಲ್ಲಿ ಅವರಿಗೆ ಹೊಟ್ಟೆನೋವು ಶುರುವಾಯಿತು. ಪರೀಕ್ಷೆಗಳಾದವು. ಗುಣವಾಗದ ಕಾಯಿಲೆ ಎಂದು ಡಾಕ್ಟರು ಹೇಳಿದ ದಿನ ಅವರು ಮನೆಗೆ ಬಂದು ಪರದೆಗಳನ್ನೆಲ್ಲ ಬಿಚ್ಚಿ ಒಗೆಯಲು ಹಾಕಿದರು. ನಾನು ಹಿಂಡಿ ಕೊಟ್ಟೆ, ಅವರು ಒದರಿ ಹರವಿದರು. ಎಲೆ ಉದುರುವ ಹೊತ್ತಿಗೆ ಅವರನ್ನು ಕೊನೆಗಾಲದ ಆರೈಕೆಯ ಮನೆಯೊಂದಕ್ಕೆ ಸೇರಿಸಬೇಕಾಯಿತು.

ಅಲ್ಲಿನ ನರ್ಸುಗಳು ಒಳ್ಳೆಯವರು. "ಕ್ರಿಸ್ಟೀನ್, ಹನಿ, ಸ್ವಲ್ಪ ನೀರು ಕುಡೀತೀರಾ?" ಎಂದು ಕೇಳುವರು. ಆಂಟಿ ತುಟಿ ತೆರೆಯುವರು, ನೀರು ಕುಡಿಯುವರು, ಕಣ್ಣು ಮಾತ್ರ ತೆರೆಯುತ್ತಿರಲಿಲ್ಲ. ನೋವಿನ ಔಷಧಿ ಹೆಚ್ಚಿಸಿದ ಮೇಲೆ ಇಂಗ್ಲಿಷೇ ಅವರಿಂದ ಹೋಗಿಬಿಟ್ಟಿತು. ಏನೋ ಗೊಣಗಿದರೆ ಅದು ಪೋಲಿಶ್. ನಾನು ಕೈ ಮುಟ್ಟಿ "ಆಂಟಿ, ಆಂಟಿ" ಎಂದರೂ ಅದು ಅವರಿಗೆ ತಲುಪುತ್ತಿರಲಿಲ್ಲ. ಆ ಪದ ಅವರು ಮುದುಕಿಯಾದ ಮೇಲೆ ನಾನು ಕೊಟ್ಟದ್ದು. ಅವರು ಅದಕ್ಕಿಂತ ಬಹಳ ಹಿಂದೆ ಎಲ್ಲೋ ಇದ್ದರು.

ಒಂದು ಮಧ್ಯಾಹ್ನ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಅವರ ದಿಂಬಿನ ಚೀಲ ಮುದುರಿತ್ತು. ಅದನ್ನು ಅಂಗೈಯಿಂದ ಸವರಿ ಸರಿಮಾಡಿದೆ. ನರ್ಸು ಕೂದಲು ಹಿಂದಕ್ಕೆ ಬಾಚಿ ಹೋಗಿದ್ದರಿಂದ ಹಣೆ ಎಷ್ಟು ಅಗಲ, ಎಷ್ಟು ನುಣುಪು ಎಂದು ಆಗಲೇ ಕಂಡದ್ದು. ಮುಖದ ಉಳಿದ ಭಾಗಕ್ಕೆಲ್ಲ ವಯಸ್ಸಾಗಿತ್ತು, ಹಣೆಗೆ ಮಾತ್ರ ಆಗಿರಲಿಲ್ಲ. ನಾನು ಬಗ್ಗಿ, ಆ ಹಣೆಗೆ ಹೇಳುವವಳ ಹಾಗೆ, "ಕ್ರಿಶು" ಎಂದೆ.

ರೆಪ್ಪೆ ಅಲುಗಿತು. "ತ್ಸೋ?" ಎಂದರು.

ಅಕ್ಕನ ಫೋನು ಬಂದಾಗ ಹಾಗೆ ಅನ್ನುತ್ತಿದ್ದರು. ‘ಏನು?’ ಎಂದು ಅದರ ಅರ್ಥ. ಆದರೆ ಈಗ ಬಂದದ್ದು ಒಳಕೋಣೆಯಲ್ಲಿ ಆಡುತ್ತಾ ಕೂತ ಹುಡುಗಿ, ಆಟ ಬಿಟ್ಟು ಏಳಲು ಮನಸ್ಸಿಲ್ಲದೆ, ಅಲ್ಲಿಂದಲೇ ಓಗೊಡುವ ದನಿ. ಕಣ್ಣು ಮುಚ್ಚಿಯೇ ಇತ್ತು. ಮುಖ ಮಾತ್ರ ನನ್ನ ಕಡೆ ತಿರುಗಿತ್ತು. ಕರೆದವರು ಏನು ಹೇಳುತ್ತಾರೋ ಎಂದು ಕಾಯುತ್ತಿತ್ತು.

ನನಗೆ ಅವರ ಭಾಷೆಯ ಒಂದು ಮಾತೂ ಬಾರದು. ಇಂಗ್ಲಿಷಿನಲ್ಲಿ ಹೇಳಿದರೆ ಆ ಹುಡುಗಿಗೆ ತಿಳಿಯದು.

"ಏನಿಲ್ಲವಾ," ಎಂದೆ. "ಸುಮ್ಮನ ಕರದೆ."

ಅಷ್ಟು ಸಾಕಾಯಿತೇನೋ. ಮುಖ ಮತ್ತೆ ದಿಂಬಿನ ಕಡೆ ಹೊರಳಿತು. ಮರುದಿನ ಹೋದಾಗ ಬಾಗಿಲಿನಿಂದಲೇ ಕರೆದೆ. ಹತ್ತಿರ ಹೋಗಿ, ತಣ್ಣಗಾಗಿದ್ದ ಕೈ ಹಿಡಿದು ಕರೆದೆ. ಕ್ರಿಶೆಂಕಾ ಎಂದೂ ಕರೆದೆ. ಯಾವ ಸಂಕೋಚವೂ ಇಲ್ಲದೆ ಬರುತ್ತಿತ್ತು ಈಗ. ನರ್ಸು ಒಳಗೆ ಬಂದು ನನ್ನ ಹೆಗಲ ಮೇಲೆ ಕೈಯಿಡುವವರೆಗೂ ಕರೆಯುತ್ತಲೇ ಇದ್ದೆ.