ಸಡಿಲಿಸದ ತಂತಿ

ಮ್ಯಾಂಡೊಲಿನ್ ಮಾಡಿಸಲು ಹೊರಟಾಗ ನಾನು ಚೀಲದಲ್ಲಿ ಅಕ್ಕನ ಒಂದು ಗಾಜಿನ ಬಳೆ ಹಾಕಿಕೊಂಡು ಹೋಗಿದ್ದೆ. ನುಡಿಸುವವರ ಕೈಯ ಅಳತೆ ತನ್ನಿ ಎಂದು ಮೇಸ್ತ್ರಿ ಫೋನಿನಲ್ಲಿ ಹೇಳಿದ್ದರು. ಕೈಯ ಅಳತೆ ಎಂದರೆ ಬಳೆ ಎಂದೇ ನನ್ನ ತಲೆಗೆ ಬಂದದ್ದು. ಕುಲಶೇಖರದ ಒಳದಾರಿಯ ಒಂದು ಶೀಟಿನ ಶೆಡ್ಡು ಅವರ ಕಾರ್ಖಾನೆ. ಆಸುಪಾಸಿನವರು ಅವರನ್ನು ಪಿಟೀಲು ಮೇಸ್ತ್ರಿ ಎನ್ನುತ್ತಾರೆ. ಇಗರ್ಜಿಗಳ ಹಾಡುವ ತಂಡದವರ ಪಿಟೀಲು, ಗಿಟಾರುಗಳನ್ನು ಮಾಡಿಕೊಡುವವರು, ರಿಪೇರಿ ಮಾಡುವವರು. ನಾನು ಬಳೆಯನ್ನು ಅವರ ಮುಂದಿನ ಹಲಗೆಯ ಮೇಲೆ ಇಟ್ಟೆ. ಅವರು ಕನ್ನಡಕ ಮೇಲೇರಿಸಿ ಅದನ್ನು ನೋಡಿದರು, ನನ್ನನ್ನು ನೋಡಿದರು. ನಗಲಿಲ್ಲ, ಅದು ಅವರ ದೊಡ್ಡತನ.

"ಬಳೆ ಹಾಕುವಾಗ ಕೈ ಮುದುಡ್ತೇವೆ ಟೀಚರ್. ಇದನ್ನು ನುಡಿಸುವಾಗ ಕೈ ಬಿಡಿಸ್ಬೇಕು. ನನಗೆ ಬೆರಳು ಬೇಕು."

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಕೈ ತೋರಿಸಿ ಅವಲಕ್ಷಣ ಹೇಳಿಸಿಕೊಂಡಂತೆ ಎಂಬ ಗಾದೆಯನ್ನು ಎಷ್ಟು ತರಗತಿಗಳಿಗೆ ವಿಸ್ತರಿಸಿ ಬರೆಸಿದ್ದೇನೋ. ಕೈಯನ್ನೂ ತೋರಿಸದೆ ಹೇಳಿಸಿಕೊಂಡದ್ದು ಮಾತ್ರ ಅವತ್ತೇ ಮೊದಲು.

ಮ್ಯಾಂಡೊಲಿನ್ ಅಕ್ಕನಿಗೆ. ನನಗಿಂತ ಹತ್ತು ವರ್ಷ ದೊಡ್ಡವಳು, ಈಗ ಎಪ್ಪತ್ತೊಂದು. ಅವಳಿಗೆ ಅಂತ ಹೇಳುವುದು ಬಾಯಿಮಾತು, ಅವಳು ಕೇಳಿರಲಿಲ್ಲ. ಅವಳು ನುಡಿಸುವುದನ್ನು ಸಾಯುವ ಮೊದಲು ಇನ್ನೊಮ್ಮೆ ಕೇಳಬೇಕು ಎಂಬ ಆಸೆ ನನ್ನದು. ಅವಳು ಸಾಯುವ ಮೊದಲೋ ನಾನು ಸಾಯುವ ಮೊದಲೋ ಎಂದು ವಿಂಗಡಿಸಿ ನೋಡುವ ಧೈರ್ಯ ನನಗಿರಲಿಲ್ಲ.

ಅಪ್ಪ ಆಗ ಪಣಂಬೂರಿನಲ್ಲಿ ಬಂದರಿನ ಕೆಲಸದವರಿಗಾಗಿ ಊಟದ ಹೋಟೆಲು ನಡೆಸುತ್ತಿದ್ದರು. ಊರಿನ ಗದ್ದೆಗಳು ಕೈಬಿಟ್ಟ ಮೇಲೆ ನಮ್ಮವರಲ್ಲಿ ಅನೇಕರು ಹಿಡಿದ ದಾರಿ ಅದು. ಹೋಟೆಲಿನ ಬೆನ್ನಿಗೇ ಮನೆ. ಬೊಂಬಾಯಿಯಲ್ಲಿದ್ದ ಸೋದರಮಾವ ಒಮ್ಮೆ ಬರುವಾಗ ಕಪ್ಪು ಪೆಟ್ಟಿಗೆಯಲ್ಲಿ ಒಂದು ಮ್ಯಾಂಡೊಲಿನ್ ತಂದರು. ಯಾಕೆ ತಂದರೋ ಅವರಿಗೂ ಗೊತ್ತಿದ್ದಂತಿರಲಿಲ್ಲ. ಅಕ್ಕ ಶಾಲೆಯಲ್ಲಿ ಹಾಡು ಹೇಳಿಕೊಡುತ್ತಿದ್ದ ಸಿಸ್ಟರ್ ಹತ್ತಿರ ಹೋಗಿ ಅದನ್ನು ಕಲಿತಳು. ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಸಂಜೆಯ ಗೋಳಿಬಜೆಗೆ ಹಿಟ್ಟು ಕಲಸುವ ಮೊದಲು ಒಂದು ಗಂಟೆ ಬಿಡುವು. ಆಗ ಅವಳು ಅಕ್ಕಿ ಚೀಲಗಳಿದ್ದ ಉಗ್ರಾಣದೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಯಾರೂ ಒಳಗೆ ಬರುವ ಹಾಗಿಲ್ಲ. ಯಾರಾದರೂ ನೋಡಿದರೆ ಬೆರಳು ತಪ್ಪುತ್ತದಂತೆ. ನಾನು ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಹಲಗೆಯ ಬಾಗಿಲು, ಸದ್ದು ಕಿವಿಗಿಂತ ಮೊದಲು ಬೆನ್ನಿಗೆ ತಾಗುತ್ತಿತ್ತು. ಅವಳು ನುಡಿಸುವುದನ್ನು ನಾನು ಒಮ್ಮೆಯೂ ಕಣ್ಣಿನಿಂದ ನೋಡಿಲ್ಲ ಎಂದರೆ ಯಾರೂ ನಂಬುವುದಿಲ್ಲ.

ನನಗೆ ಹನ್ನೊಂದು ವರ್ಷವಾಗಿದ್ದಾಗ ಅಕ್ಕನಿಗೆ ಮದುವೆಯಾಯಿತು. ಭಾವ ಬಹರೈನಿನಲ್ಲಿದ್ದರು. ಹೊರಡುವ ದಿನ ಅವಳು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು ಒಂದೇ ಮಾತು ಹೇಳಿದಳು: "ತಂತಿ ಸಡಿಲ ಮಾಡಿ ಇಡು." ಬಿಗಿದ ತಂತಿಯಿಂದ ಕುತ್ತಿಗೆಗೆ ಎಳೆತ ಬೀಳುತ್ತದೆ, ಮಳೆಗಾಲದಲ್ಲಿ ಅಂಟು ಬಿಡುತ್ತದೆ ಎಂದು ಸಿಸ್ಟರ್ ಅವಳಿಗೆ ಹೇಳಿದ್ದರಂತೆ. (ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿದ್ದೇನೆ, ಅಷ್ಟೆ.) ನಾನು ತಲೆಯಾಡಿಸಿದೆ.

ಸಡಿಲಿಸಲಿಲ್ಲ. ಸಡಿಲಿಸಿದರೆ ಮತ್ತೆ ಶ್ರುತಿ ಮಾಡಲು ನನಗೆ ಬರುತ್ತಿರಲಿಲ್ಲ. ನಾಲ್ಕು ಜೋಡಿ, ಎಂಟು ತಂತಿ. ಅವಳು ಹೊರಡುವ ಹಿಂದಿನ ದಿನ ಗುಣುಗುಣಿಸುತ್ತಾ, ತಂತಿ ಬಿಗಿಯುವ ಬಿರಡೆಗಳನ್ನು ತಿರುಗಿಸಿ ಕೂಡಿಸಿದ್ದ ಸ್ವರಗಳು ಅವು. ದಿನಾ ಮಧ್ಯಾಹ್ನ ಮೂರು ಗಂಟೆಗೆ ಪೆಟ್ಟಿಗೆ ತೆರೆದು, ಎಂಟರ ಮೇಲೂ ಒಮ್ಮೆ ಬೆರಳು ಎಳೆದು ಮುಚ್ಚುತ್ತಿದ್ದೆ. ಅಷ್ಟು ಹೊತ್ತು ಅಕ್ಕ ಮನೆಯಲ್ಲಿರುತ್ತಿದ್ದಳು. ಬಹರೈನಿನಿಂದ ಕಾಗದ ಬರಲು ಹದಿನೈದು ದಿನ ಹಿಡಿಯುತ್ತಿತ್ತು. ಇದಕ್ಕೆ ಏನೂ ಹಿಡಿಯುತ್ತಿರಲಿಲ್ಲ.

ಮೂರನೆಯ ಮಳೆಗಾಲದಲ್ಲಿ ಒಂದು ದಿನ ಪೆಟ್ಟಿಗೆ ತೆರೆದರೆ ಕುತ್ತಿಗೆ ಮುಂದಕ್ಕೆ ಬಾಗಿ, ಬುಡದಲ್ಲಿ ಬಾಯಿ ಬಿಟ್ಟಿತ್ತು. ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡಿಗೆ ಕುದುರೆ ಎನ್ನುತ್ತಾರೆ. ಆ ಕುದುರೆ ಅಡ್ಡ ಬಿದ್ದಿತ್ತು. ಡಿಸೆಂಬರಿನಲ್ಲಿ ಅಕ್ಕ ಮೊದಲ ಸಲ ರಜೆಗೆ ಬಂದಾಗ "ಮಳೆಗೆ ಹೋಯಿತು" ಎಂದೆ. ಅವಳು "ಹೌದಾ" ಎಂದು ಒಳಗೆ ಹೋಗಿ ಅಮ್ಮನಿಗೆ ಮೀನು ಕೊಯ್ದು ಕೊಡಲು ಕೂತಳು. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೈಯಲಿಲ್ಲ. ಆಮೇಲೆ ಇನ್ನೊಂದನ್ನು ಕೊಳ್ಳಲೂ ಇಲ್ಲ. ಮಕ್ಕಳಾದವು, ಭಾವ ಬಹರೈನ್ ಬಿಟ್ಟು ಬಂದು ರಿಫೈನರಿಯಲ್ಲಿ ಕೆಲಸಕ್ಕೆ ಸೇರಿದರು, ಸುರತ್ಕಲ್ಲಿನಲ್ಲಿ ಕಡಲಿಗೆ ಹತ್ತಿರ ಮನೆ ಮಾಡಿದರು. ನಾನು ಇರುವುದು ಕೊಟ್ಟಾರದಲ್ಲಿ. ಬಸ್ಸಿನಲ್ಲಿ ಅರ್ಧ ಗಂಟೆ. ಅಷ್ಟು ಹತ್ತಿರ ಇದ್ದೂ ನಾವು ಹೆಚ್ಚಾಗಿ ಸಿಗುವುದು ಬೇರೆಯವರ ಮದುವೆಗಳಲ್ಲಿ.

ಅಂಥ ಒಂದು ಮದುವೆಯ ಹಾಲಿನಲ್ಲೇ ಇದೆಲ್ಲ ಶುರುವಾಯಿತು. ವೇದಿಕೆಯ ಬದಿಯಲ್ಲಿ ಯಾರೋ ಹಳೆಯ ಹಾಡುಗಳನ್ನು ವಾದ್ಯದಲ್ಲಿ ನುಡಿಸುತ್ತಿದ್ದರು. ಪಕ್ಕದಲ್ಲಿದ್ದ ಅಕ್ಕ ಯಾರದೋ ಆಸ್ಪತ್ರೆಯ ಕತೆ ಹೇಳುತ್ತಿದ್ದಳು. ಬಾಯಿ ಆಸ್ಪತ್ರೆಯಲ್ಲಿತ್ತು, ಅವಳ ಎಡಗೈಯ ಬೆರಳುಗಳು ಬಲಗೈಯ ಬಳೆಗಳ ಮೇಲೆ ಹಾಡಿನ ಜೊತೆ ಓಡುತ್ತಿದ್ದವು. ಅವಳಿಗೆ ಅದು ಗೊತ್ತಿರಲಿಲ್ಲ. ಅವಳಿಗೊಂದು ಮ್ಯಾಂಡೊಲಿನ್ ಕೊಡಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ಅಂಗಡಿಯಿಂದ ಒಂದು ತಂದುಕೊಡಬಹುದಿತ್ತು. ಆದರೆ ಐವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ತಪ್ಪಿಗೆ ಅಂಗಡಿಯ ಮಾಲು ಸಾಲದು ಅನ್ನಿಸಿತು. ಅವಳ ಕೈಗೆಂದೇ ಆದದ್ದು ಬೇಕಿತ್ತು.

ಬಳೆ ಸೋತ ಮೇಲೆ ನಾನು ಡ್ರಾಯಿಂಗ್ ಹಾಳೆ, ಪೆನ್ಸಿಲು ಹಿಡಿದು ಸುರತ್ಕಲ್ಲಿಗೆ ಹೋದೆ. ನನ್ನ ಮೊಮ್ಮಗಳ ಶಾಲೆಯಲ್ಲಿ ಪ್ರಾಜೆಕ್ಟ್ ಉಂಟು, ಮನೆಯ ಹಿರಿಯರ ಕೈಯ ಚಿತ್ರ ಬೇಕಂತೆ ಎಂದು ಸುಳ್ಳು ಹೇಳಿದೆ. ಅಕ್ಕ ಕೈ ಒರೆಸಿಕೊಂಡು ಬಂದು ಬಲಗೈ ಚಾಚಿದಳು. ಅದಲ್ಲ, ಎಡಗೈ ಎಂದೆ.

"ಎಡಗೈ ಎಂತಕ್ಕೆ ಮಾರಾಯ್ತಿ?"

ಶಾಲೆಯವರು ಎಡಗೈಯೇ ಕೇಳಿದ್ದಾರೆ ಎಂದೆ. ಹಿರಿಯರ ಎಡಗೈ ಕೇಳುವ ಶಾಲೆ ಯಾವುದು ಎಂದು ಅವಳು ಕೇಳಲಿಲ್ಲ. ಒಂದು ಕ್ಷಣ ನನ್ನ ಮುಖ ನೋಡಿ ಎಡಗೈಯನ್ನು ಹಾಳೆಯ ಮೇಲಿಟ್ಟಳು. ಉಂಗುರದ ಬೆರಳು, ಕಿರುಬೆರಳು ಹಾಳೆಗೆ ತಾಗಲೇ ಇಲ್ಲ. ಗೆಣ್ಣುಗಳು ಬಾತು, ಒಳಕ್ಕೆ ಬಾಗಿ ನಿಂತಿದ್ದವು. ಬಲಗೈಯಿಂದ ಅವನ್ನು ಒತ್ತಿ ಹಿಡಿದು, ಹೀಗೆ ಹಿಡಿದರೆ ಸಾಕಾ ಎಂದು ಕೇಳಿದಳು. ಸಾಕು ಎಂದು ಗೆರೆ ಎಳೆದೆ. ಅಲ್ಲಿ ಗೆರೆ ಸೊಟ್ಟಾಯಿತು. ಇಷ್ಟು ವರ್ಷ ಅವಳ ಕೈಯಿಂದ ಎಷ್ಟು ಸಲ ಉಂಡಿದ್ದೇನೆ. ಆ ಕೈಯನ್ನು ಸರಿಯಾಗಿ ನೋಡಿರಲಿಲ್ಲ.

ಮೇಸ್ತ್ರಿ ಹಾಳೆಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಗೆರೆ ಸೊಟ್ಟಾದ ಜಾಗದಲ್ಲಿ ಹೆಬ್ಬೆರಳಿಟ್ಟು, "ನುಡಿಸ್ಲಿಕ್ಕಾ, ಇಡ್ಲಿಕ್ಕಾ?" ಎಂದು ಕೇಳಿದರು. ಶೋಕೇಸಿನಲ್ಲಿ ಇಡುವುದಾದರೆ ಹಲಗೆ ದಪ್ಪ ಮಾಡುತ್ತಾರಂತೆ, ಏನೂ ಆಗುವುದಿಲ್ಲ, ಸದ್ದು ಮಾತ್ರ ಸತ್ತಿರುತ್ತದೆ. ನುಡಿಸುವುದಾದರೆ ಹಲಗೆಯನ್ನು ತಡೆಯುವಷ್ಟೂ ತೆಳು ಮಾಡಬೇಕು. ನುಡಿಸಲಿಕ್ಕೆ ಎಂದೆ. ಆಮೇಲೆ ಯಾಕೋ ಆ ಮನುಷ್ಯನ ಮುಂದೆ, ಅಲ್ಲಿಯವರೆಗೆ ಯಾರಿಗೂ ಹೇಳದೆ ಇದ್ದ ಹಳೆಯ ಮ್ಯಾಂಡೊಲಿನಿನ ಕತೆಯನ್ನು ಪೂರ್ತಿ ಹೇಳಿಬಿಟ್ಟೆ. ಎಷ್ಟು ಮಳೆಗಾಲ ಬಿಗಿದೇ ಇಟ್ಟಿದ್ದಿರಿ ಎಂದು ಕೇಳಿದರು. ಮೂರು ಎಂದೆ.

"ಮೂರು ತಡೆದದ್ದೇ ಹೆಚ್ಚು," ಎಂದರು. "ಇದಕ್ಕೆ ಕುತ್ತಿಗೆಯೊಳಗೆ ಉಕ್ಕಿನ ಕೋಲು ಹಾಕ್ತೇನೆ. ಸಡಿಲಿಸದಿದ್ರೂ ಬಾಗುವುದಿಲ್ಲ."

ಕುತ್ತಿಗೆ ಸಪೂರ, ತಂತಿ ಗಿಡ್ಡ, ತಂತಿಗೂ ಹಲಗೆಗೂ ನಡುವೆ ಕೂದಲೆಳೆಯಷ್ಟೇ ಸಂದು. ಬಾಗಿದ ಬೆರಳು ಮೆಲ್ಲಗೆ ಒತ್ತಿದರೂ ಸಾಕಾಗುವ ಹಾಗೆ ಮಾಡುತ್ತೇನೆ ಎಂದರು. ಬೆನ್ನಿಗೆ ಹಲಸು, ಎದೆಗೆ ಹೊರದೇಶದ ಹಗುರ ಮರ. ಎರಡು ಮೂರು ಹಲಗೆಗಳನ್ನು ಗೆಣ್ಣಿನಿಂದ ತಟ್ಟಿ ಯಾವುದು ಚೆನ್ನಾಗಿದೆ ಎಂದು ನನ್ನನ್ನೇ ಕೇಳಿದರು. ನನಗೆ ಎಲ್ಲವೂ ಬಾಗಿಲು ತಟ್ಟಿದಂತೆಯೇ ಕೇಳಿಸಿತು. ಹಾಗೆಂದು ಹೇಳಿದ್ದಕ್ಕೆ, ಯಾರ ಮನೆಯ ಬಾಗಿಲು ಅಂತಾದರೂ ಹೇಳಿ ಎಂದು ತಮಾಷೆ ಮಾಡಿದರು. ನಾನು ಕಣ್ಣು ಮುಚ್ಚಿ ಕೇಳಿ, ನಡುವಿನದ್ದನ್ನು ತೋರಿಸಿದೆ.

ಮಳೆಗಾಲದಲ್ಲಿ ಅವರು ಅಂಟಿನ ಕೆಲಸ ಮಾಡುವುದಿಲ್ಲ. ಮೇ ತಿಂಗಳಿಗೆ ತುಂಡುಗಳು ತಯಾರಾಗಿದ್ದವು. ಅಕ್ಟೋಬರಿನವರೆಗೆ ಅವು ಶೆಡ್ಡಿನ ತೊಲೆಯಿಂದ ಹಗ್ಗದಲ್ಲಿ ತೂಗುತ್ತಾ ಇದ್ದವು. ನಾನು ಸುಮ್ಮನೆ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದೆ. ಮೇಸ್ತ್ರಿಗೆ ಸಾಕಾಗಿರಬೇಕು, ಮೂರನೆಯ ಸಲ ಚಾ ಕೊಡಲಿಲ್ಲ. ಆ ಮಳೆಗಾಲ ಅಕ್ಕನ ನೆನಪು ಬಂದಷ್ಟು, ಅವಳು ಬಹರೈನಿನಲ್ಲಿದ್ದಾಗಲೂ ಬಂದಿರಲಿಲ್ಲ. ಅವಳ ಬೆರಳು ಇನ್ನಷ್ಟು ಬಾಗುವ ಮೊದಲು ಮಳೆ ಬಿಡಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಡಿಸೆಂಬರಿನಲ್ಲಿ ಮ್ಯಾಂಡೊಲಿನ್ ಕೈಗೆ ಬಂತು. ಅಕ್ಕನನ್ನು ಊಟಕ್ಕೆ ಕರೆದೆ. ನೀರುದೋಸೆ, ಕೋಳಿ ಸಾರು ಮುಗಿಸಿ, ಪೆಟ್ಟಿಗೆ ತಂದು ಅವಳ ಮುಂದೆ ತೆರೆದೆ. ಅವಳು ಆಶ್ಚರ್ಯಪಡಲೇ ಇಲ್ಲ.

"ಎಡಗೈ ಕೇಳಿದಾಗಲೇ ಎಣಿಸಿದ್ದೆ," ಎಂದಳು. "ಎಷ್ಟು ತಿಂಗಳಿಂದ ಸೌಟಿನ ಹಿಡಿಯ ಮೇಲೆ ಬೆರಳು ಪಳಗಿಸ್ತಾ ಇದ್ದೇನೆ. ನೀನು ತರುವುದೇ ಇಲ್ಲ."

ಅರ್ಧ ಗಂಟೆ ಗುಣುಗುಣಿಸುತ್ತಾ ಶ್ರುತಿ ಮಾಡಿದಳು. ಆಮೇಲೆ ಮ್ಯಾಂಡೊಲಿನ್ ಎತ್ತಿಕೊಂಡು ಮೊಮ್ಮಗಳ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡಳು. ಅರವತ್ತೊಂದು ವರ್ಷದ ನಾನು ನೆಲದ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಕೂರಲು ಮೊಣಕಾಲು ಒಪ್ಪಲಿಲ್ಲ, ಆದರೂ ಕೂತೆ. ಮೊದಲು ಬರೀ ತಡವರಿಕೆ. ಆಮೇಲೆ ಒಂದು ಸಾಲು. ಕಿರುಬೆರಳು ಬೇಕಾದ ಜಾಗಕ್ಕೆ ಬಂದಾಗ ನಿಲ್ಲುತ್ತಿತ್ತು. ಹಿಂದೆ ಹೋಗಿ ಮತ್ತೆ ಬರುತ್ತಿತ್ತು, ಮತ್ತೆ ಅಲ್ಲೇ ನಿಲ್ಲುತ್ತಿತ್ತು. ಈಗಿನ ಪ್ಲೈವುಡ್ಡಿನ ಬಾಗಿಲಾದರೂ ಸದ್ದು ಬೆನ್ನಿಗೇ ಮೊದಲು ತಾಗಿತು. ನಾನು ಅತ್ತೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ.

ನುಡಿಸುವುದು ಹಾಗೆ ನಿಂತ ಒಂದು ಸಂದಿನಲ್ಲಿ, ಮುಖ ಕಾಣದ ಧೈರ್ಯಕ್ಕೆ, ಬಾಗಿಲಿಗೇ ಹೇಳಿದೆ.

"ಅಕ್ಕ, ಅದು ಮಳೆಗೆ ಹೋದದ್ದಲ್ಲ. ನಾನು ತಂತಿ ಸಡಿಲ ಮಾಡಿರ್ಲಿಲ್ಲ."

ಒಳಗಿನಿಂದ ಅಕ್ಕನ ದನಿ ಬಂತು.

"ನೀನು ಮರೆತದ್ದು ಅಂತ ಎಣಿಸಿದ್ದೆ ನಾನು. ಇಷ್ಟು ವರ್ಷವೂ."

"ಮರೆತದ್ದಲ್ಲ. ನೀನು ಮಾಡಿಟ್ಟು ಹೋದ ಶ್ರುತಿ, ಸಡಿಲಿಸಿದ್ರೆ ಹೋಗ್ತದಲ್ಲ ಅಂತ."

ಅವಳು ಅದೇ ಅರ್ಧ ಸಾಲನ್ನು ಇನ್ನೊಮ್ಮೆ ನುಡಿಸಿದಳು, ಮೊದಲಿಗಿಂತ ನಿಧಾನವಾಗಿ.

ಮನೆಗೆ ಹೊರಡುವಾಗ ಮ್ಯಾಂಡೊಲಿನನ್ನು ಅವಳು ಒಯ್ಯಲಿಲ್ಲ. ಸುರತ್ಕಲ್ಲಿನ ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ, ಇಲ್ಲೇ ಇರಲಿ ಎಂದಳು. ಶ್ರುತಿ ಹೋದರೆ ಹೇಳು, ಬಂದು ಸರಿ ಮಾಡುತ್ತೇನೆ ಎಂದಳು. ನಾನು ಹುಚ್ಚಿಯಂತೆ ಸಂತೋಷಪಟ್ಟೆ. ಮೊದಲ ಎರಡು ಶುಕ್ರವಾರ ಬಂದಳು. ಆಮೇಲೆ ಅವಳ ಮೊಣಕಾಲು ನೋವು, ಆಮೇಲೆ ಮೊಮ್ಮಕ್ಕಳ ಪರೀಕ್ಷೆ. ಫೋನು ಮಾಡಿದರೆ ಮೊದಲು ಕೇಳುವುದು, ಶ್ರುತಿ ಉಂಟಾ ಎಂದು. ಮೇಸ್ತ್ರಿಯ ಕೆಲಸ ಅತಿಯಾಗಿ ಚೆನ್ನಾಗಿತ್ತು, ಅದೇ ನನಗೆ ಮುಳುವಾಯಿತು. ಕುತ್ತಿಗೆಯೊಳಗಿನ ಆ ಉಕ್ಕಿನ ಕೋಲಿನಿಂದಾಗಿ ಶ್ರುತಿ ಜಗ್ಗುವುದೇ ಇಲ್ಲ. ಉಂಟು ಎನ್ನುತ್ತಿದ್ದೆ. ಹಾಗಾದರೆ ಸರಿ ಎಂದು ಅವಳು ಬಂಗುಡೆ ಮೀನಿನ ಮಾತಿಗೆ ಹೋಗುತ್ತಿದ್ದಳು. ಹೀಗೆ ಐದು ವಾರ ಹೋದವು.

ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಮನೆಯಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆ ತೆರೆದು ಎಂಟರ ಮೇಲೂ ಬೆರಳು ಎಳೆದೆ. ಎಲ್ಲವೂ ಅವಳು ಇಟ್ಟ ಹಾಗೆಯೇ ಇದ್ದವು. ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಆಮೇಲೆ ಒಂದು ಬಿರಡೆ ಹಿಡಿದು ಒಂದಿಷ್ಟು ತಿರುಗಿಸಿದೆ. ಜೋಡಿಯ ಒಂದು ತಂತಿ ಇಳಿದು, ಎರಡೂ ಒಂದನ್ನೊಂದು ಬಿಟ್ಟು ಹೋದವು. ಅಕ್ಕನಿಗೆ ಫೋನು ಮಾಡಿದೆ.

"ಅಕ್ಕ, ಶ್ರುತಿ ಹೋಗಿದೆ."

"ಎಷ್ಟು ತಂತಿ?"

"ಒಂದು."

ಆಚೆ ಕಡೆ ಅವಳು ಉಸಿರು ಬಿಡುವುದು ಕೇಳಿಸಿತು. ನಗುತ್ತಿದ್ದಳೋ ಏನೋ, ಗೊತ್ತಾಗಲಿಲ್ಲ.

"ಒಂದಕ್ಕೋಸ್ಕರ ಇಲ್ಲಿಂದ ಅಲ್ಲಿಗೆ ಓಡಾಡ್ಲಿಕ್ಕೆ ನನ್ನ ಕಾಲಿಗೆ ಆಗುವುದಿಲ್ಲ. ಎಂಟನ್ನೂ ಸಡಿಲ ಮಾಡಿ ಇಡು. ನಾಳೆ ಬಂದು ನಾಲ್ಕು ದಿನ ಉಳೀತೇನೆ."

ಫೋನು ಕೆಳಗಿಟ್ಟು, ಉಳಿದ ಏಳು ಬಿರಡೆಗಳನ್ನೂ ಒಂದೊಂದಾಗಿ ತಿರುಗಿಸಿದೆ.