ಸಾಕು ಎನ್ನದ ಮೇಸ್ತ್ರಿ

ಲಾರಿ ಶೆಡ್ಡುಗಳ ಸಾಲಿನಲ್ಲಿ ಕೊನೆಯದು ಅವನ ಶೆಡ್ಡು. ಎಂಜಿನ್ ಕೆಟ್ಟರೆ ಒಬ್ಬರ ಹತ್ತಿರ ಹೋಗಬೇಕು, ಬ್ರೇಕಿಗೆ ಇನ್ನೊಬ್ಬರ ಹತ್ತಿರ. ಅವನು ಮುಟ್ಟುವುದು ಹಿಂದಿನ ಆಕ್ಸಲ್ ಒಂದನ್ನೇ. ಹಿಂದಿನ ಎರಡು ಚಕ್ರ, ನಡುವೆ ದಪ್ಪ ಕಬ್ಬಿಣದ ಕೊಳವೆ, ಕೊಳವೆಯೊಳಗೆ ತಿರುಗುವ ಶಾಫ್ಟು, ಮಧ್ಯದಲ್ಲಿ ಹಲ್ಲುಚಕ್ರಗಳ ಗುಂಡು, ಇದರಾಚೆಗೆ ಲಾರಿ ಇದೆ ಎಂಬುದೇ ಅವನಿಗೆ ಬೇಕಿರಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವನು 'ಹಿಂದಿನ ಮೇಸ್ತ್ರಿ'. 'ಹೆಸರಲ್ಲೇ ಹಿಂದೆ ಅಂತ ಇಟ್ಕೊಂಡ್ರೆ ಮುಂದೆ ಬರೋದು ಯಾವಾಗ ರೀ?' ಎಂದು ಹೆಂಡತಿ ಮದುವೆಯಾದ ವರ್ಷವೇ ಕಾಲೆಳೆದಿದ್ದಳು. ಮೂವತ್ತು ವರ್ಷ ಕಳೆದರೂ ಅವಳದು ಅದೇ ಮಾತು, ಅವನದು ಅದೇ ನಗು.

ಅವನದೊಂದು ವಿಚಿತ್ರವಿತ್ತು. 'ಸಾಕು' ಎನ್ನುವ ಪದ ಅವನ ಬಾಯಿಂದ ಹೊರಡುತ್ತಿರಲಿಲ್ಲ. ಜಾಕಿ ಎತ್ತುವವನಿಗೆ ನಿಲ್ಲಿಸು ಎನ್ನಬೇಕಾದರೆ ಹತ್ತಿರದ ಕಬ್ಬಿಣವನ್ನು ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದ. ಎಣ್ಣೆ ಸುರಿಯುವವನಿಗೂ ಅದೇ, ನಟ್ಟು ಬಿಗಿಯುವವನಿಗೂ ಅದೇ. ಅವನ ಕೈಕೆಳಗೆ ಕೆಲಸ ಕಲಿತವರು ಇದು ಕಸುಬಿನ ಕಟ್ಟಳೆಯೇ ಇರಬೇಕೆಂದುಕೊಂಡು, ಬೇರೆ ಶೆಡ್ಡುಗಳಿಗೆ ಹೋದಾಗ ಅಲ್ಲಿಯೂ ತಟ್ಟಿದರು. ಈಗ ಆ ಬೀದಿಯಲ್ಲಿ ಯಾವ ಶೆಡ್ಡಿನ ಮುಂದೆ ನಿಂತರೂ ಟಪ್ ಟಪ್ ಕೇಳುತ್ತದೆ. ಯಾಕೆ ಎಂದು ಕೇಳಿ ನೋಡಿ, ಒಬ್ಬನಿಗೂ ಗೊತ್ತಿಲ್ಲ.

ಮನೆಯಲ್ಲಿ ಊಟಕ್ಕೆ ಕೂತರೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುವುದು. 'ಬಾಯಿಗೆ ಬೀಗ ಹಾಕಿದೀರಾ?' ಎಂದು ಹೆಂಡತಿ ರೇಗಿ ರೇಗಿ ಕೊನೆಗೆ ಸುಮ್ಮನಾಗಿದ್ದಳು. ಬೀದಿಯವರು ಆ ಮನೆಯ ಹುಡುಗಿಯನ್ನು ಅವನ 'ಸಾಕುಮಗಳು' ಎಂದರೆ, ಅವನು 'ನಮ್ಮ ಹುಡುಗಿ' ಎಂದು ತಿದ್ದುತ್ತಿದ್ದ. ಎಂಥ ದೊಡ್ಡ ಮನಸ್ಸು ನೋಡಿ ಎಂದು ಜನ ಕೊಂಡಾಡುತ್ತಿದ್ದರು. ದೊಡ್ಡ ಮನಸ್ಸೂ ಅಲ್ಲ, ಮಣ್ಣೂ ಅಲ್ಲ. ಆ ಮಾತಿನೊಳಗೂ ಅದೇ ಪದ ಕೂತಿತ್ತು, ಅಷ್ಟೇ.

ಹುಡುಗಿ ಅವನ ಹೆಂಡತಿಯ ತಮ್ಮನ ಮಗಳು. ಆ ತಮ್ಮ ಡ್ರೈವರ್. ನಾಲ್ಕೂ ಚಕ್ರ ಎಳೆಯುವ ಎತ್ತರದ ಸಣ್ಣ ಲಾರಿಯಲ್ಲಿ, ರಸ್ತೆಯೇ ಇಲ್ಲದ ಬೆಟ್ಟ ಹತ್ತಿ, ತುದಿಯ ಸಿಗ್ನಲ್ ಗೋಪುರದಲ್ಲಿ ಕೆಲಸ ಮಾಡುವವರಿಗೆ ನೀರು, ದಿನಸಿ, ಸಾಮಾನು ಮುಟ್ಟಿಸುತ್ತಿದ್ದ. ಬಾಯಿ ತೆರೆದರೆ ತಮಾಷೆ. ತನ್ನ ಹೆಂಡತಿ ಹೆರಿಗೆಯಲ್ಲೇ ತೀರಿಹೋದ ಮೇಲೆ ತಮಾಷೆ ಕಡಿಮೆಯಾಯಿತು, ಬೆಟ್ಟ ಹತ್ತುವುದು ಮಾತ್ರ ನಿಲ್ಲಲಿಲ್ಲ. ಮಗುವನ್ನು ಅಕ್ಕನ ಮಡಿಲಿಗೆ ಹಾಕಿ ಹೋಗುತ್ತಿದ್ದ, ಇಳಿದು ಬಂದು ಎತ್ತಿಕೊಳ್ಳುತ್ತಿದ್ದ. ಮಗುವಿಗೆ ನಾಲ್ಕು ತುಂಬಿದ ವರ್ಷ ಒಂದು ದಿನ ಅವನು ಇಳಿದು ಬರಲಿಲ್ಲ. ತಿರುವಿನಲ್ಲಿ ಹಿಂದಿನ ಶಾಫ್ಟ್ ಮುರಿದು, ಚಕ್ರ ಕಳಚಿ, ಲಾರಿ ಮಗುಚಿತ್ತು.

ಇಷ್ಟು ಎಲ್ಲರಿಗೂ ಗೊತ್ತು. ಯಾರಿಗೂ ಗೊತ್ತಿಲ್ಲದ್ದು ಒಂದಿತ್ತು. ಅದರ ಹಿಂದಿನ ದಿನ ಆ ತಮ್ಮ ಲಾರಿಯನ್ನು ಶೆಡ್ಡಿಗೆ ತಂದಿದ್ದ. 'ಭಾವ, ಹೊರಡುವಾಗ ಹಿಂದೆ ಟಿಕ್ ಅಂತಿದೆ. ಇದೇ ಶಾಫ್ಟ್ ಸಾಕಾ, ಗಟ್ಟಿದು ಹಾಕ್ಬಿಡೋಣ್ವಾ?' ಎಂದು ಕೇಳಿದ್ದ. ಗಟ್ಟಿದು ಅಲ್ಲೇ ಮೂಲೆಯಲ್ಲಿ ಒರಗಿಕೊಂಡಿತ್ತು. ಮೇಸ್ತ್ರಿ ಬಗ್ಗಿ ಚಕ್ರವನ್ನು ಒಮ್ಮೆ ಅಲ್ಲಾಡಿಸಿ, 'ಸಾಕು ಹೋಗೋ' ಎಂದಿದ್ದ. ಅವತ್ತು ಆಡಿದ್ದೇ ಕೊನೆ, ಇಪ್ಪತ್ಮೂರು ವರ್ಷ ಆ ಪದ ಅವನ ನಾಲಿಗೆಗೆ ಬರಲಿಲ್ಲ.

ಹುಡುಗಿ ಅವನ ಹೆಗಲ ಮೇಲೆ ಬೆಳೆದಳು. ಶಾಲೆಯ ಪುಸ್ತಕದ ಹಾಳೆಗಳ ಮೇಲೆಲ್ಲ ಗ್ರೀಸಿನ ಬೆರಳ ಗುರುತು. ಹತ್ತು ವರ್ಷಕ್ಕೇ ನಟ್ಟು ಬಿಚ್ಚುವ ಪಾನಾಗಳ ನಂಬರು ಬಾಯಿಪಾಠ. ಅವಳನ್ನು ಲಾರಿಯಿಂದ ದೂರ ಇಡಲು ಅವನು ಮಾಡದ ಉಪಾಯವಿಲ್ಲ. ಹೊಲಿಗೆಗೆ ಸೇರಿಸಿದ, ಟೈಪಿಂಗಿಗೆ ಸೇರಿಸಿದ. ಹೊಲಿಗೆ ಯಂತ್ರವನ್ನು ಬಿಚ್ಚಿ ಮತ್ತೆ ಜೋಡಿಸಿಟ್ಟು ಬಂದಳು ಮಹಾರಾಯ್ತಿ. ಇಪ್ಪತ್ತೇಳನೇ ವರ್ಷಕ್ಕೆ ಅದೇ ಬೆಟ್ಟದ ಕೆಲಸ ಹಿಡಿದು, ಶೆಡ್ಡಿನ ಮುಂದೆ ಎತ್ತರದ ಲಾರಿಯೊಂದನ್ನು ತಂದು ನಿಲ್ಲಿಸಿದಳು. ಅತ್ತೆ ಅಡುಗೆಮನೆಗೆ ಹೋಗಿ ಅತ್ತು, ಮುಖ ತೊಳೆದು ಹೊರಗೆ ಬಂದಳು. 'ಅಪ್ಪನ ಥರಾನೇ' ಎಂದಳು. ಮೇಸ್ತ್ರಿಗೆ ಅಳುವುದಕ್ಕೂ ಆಗಲಿಲ್ಲ.

ಲಾರಿಯ ಬೆನ್ನ ಮೇಲೆ ದೊಡ್ಡ ನೀರಿನ ಟ್ಯಾಂಕು ಕೂರುವುದಿತ್ತು, ಚಕ್ರಗಳೂ ಮೊದಲಿನವಕ್ಕಿಂತ ದೊಡ್ಡವು. ಲಾರಿಯಲ್ಲಿದ್ದ ಹಿಂದಿನ ಆಕ್ಸಲ್ ಇದಕ್ಕೆ ತಾಳುವ ಮಾತೇ ಇರಲಿಲ್ಲ. ಯಾವುದು ಹಾಕುವುದು ಎಂದು ಆರಿಸಬೇಕಾದವನು ಅವನೇ. ಮರದ ತುಂಡುಗಳ ಮೇಲೆ ಎರಡು ಆಕ್ಸಲ್ ಅಕ್ಕಪಕ್ಕ ಮಲಗಿದ್ದವು. ಒಂದು ಈ ಲಾರಿಗೆಂದೇ ಮಾಡಿದ್ದು, ಹೊಸದು, ದಪ್ಪ ಶಾಫ್ಟು, ಒಳ್ಳೆಯ ಉಕ್ಕು. ಇನ್ನೊಂದು ಹಳೆಯದು, ದೊಡ್ಡ ಲಾರಿಯದು, ಗುಜರಿಯಲ್ಲಿ ಅವನು ಮೂರು ದಿನ ಹುಡುಕಿ ಆರಿಸಿ ತಂದದ್ದು.

'ಇದೇನು ಮಾವ, ನಮ್ಮಜ್ಜನ ಕಾಲದ್ದು?' ಎಂದಳು ಅವಳು, ಹಳೆಯದನ್ನು ಕಾಲಿನಿಂದ ಮುಟ್ಟಿ.

'ಅಜ್ಜನಿಗೂ ಅಜ್ಜ' ಎಂದು ಬೆಸುಗೆಗೆ ಬಂದಿದ್ದ ವೆಲ್ಡರ್ ಸೇರಿಸಿ, ಸಲಾಕೆ ತರಲು ಹೊರಗೆ ಹೋದ.

'ಹೊಸದು ಒಂದೇ ದಿನದ ಕೆಲಸ' ಎಂದಳು. 'ಬಿಚ್ಚು, ಹಾಕು, ಹೊರಡು. ಹಳೇದಕ್ಕಾದ್ರೆ ಸ್ಪ್ರಿಂಗಿನ ಕಮಾನು ಪಟ್ಟಿ ಕೂರೋ ಜಾಗ ಕತ್ತರಿಸಿ ಮತ್ತೆ ಬೆಸೀಬೇಕು, ಎಂಜಿನ್ ಕಡೆಯಿಂದ ಬರೋ ಉದ್ದ ಶಾಫ್ಟ್ ಗಿಡ್ಡ ಮಾಡ್ಬೇಕು. ಅದರ ಹೊಟ್ಟೆ ನೋಡು ಎಷ್ಟು ದಪ್ಪ. ಪ್ರತಿ ಕಲ್ಲಿಗೂ ತಾಗುತ್ತೆ.' ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅವನೇ ಕಲಿಸಿದ್ದಲ್ಲವೇ. ಆಮೇಲೆ ಹೊಸದರ ಮೇಲೆ ಕೈಯಿಟ್ಟು, 'ಇದೇ ಸಾಕಲ್ವಾ?' ಎಂದಳು.

ಅದೇ ಜಾಗ, ಅದೇ ಪ್ರಶ್ನೆ. ಅವನ ಅಂಗೈ ಕಬ್ಬಿಣ ಹುಡುಕಿಕೊಂಡು ಹೊರಟಿತ್ತು.

'ತಟ್ಟಬೇಡ ಮಾವ. ಬಾಯಲ್ಲಿ ಹೇಳು. ಸಾಕೋ, ಸಾಲ್ದೋ?'

'ಸಾಲ್ದು.' ಅದನ್ನು ಹೇಳಲು ಅವನಿಗೆ ಬರುತ್ತಿತ್ತು. 'ಈ ಹೊಸದರಲ್ಲಿ ಲಾರಿ ಭಾರ ಹೊರೋದೂ ಶಾಫ್ಟೇ, ಚಕ್ರ ತಿರುಗಿಸೋದೂ ಶಾಫ್ಟೇ. ಎಷ್ಟು ದಪ್ಪ ಇದ್ರೂ ಒಂದಿನ ಮುರೀತು ಅನ್ಕೋ, ಚಕ್ರಾನೂ ಕರ್ಕೊಂಡು ಹೋಗುತ್ತೆ. ಹಳೇದರಲ್ಲಿ ಭಾರ ಹೊರೋದು ಹೊರಗಿನ ಕೊಳವೆ. ಶಾಫ್ಟ್ ಬರೀ ತಿರುಗುತ್ತೆ. ಅದು ಮುರಿದ್ರೆ ಮುರೀಲಿ, ಚಕ್ರ ಜಾಗ ಬಿಡಲ್ಲ. ಲಾರಿ ನೆಟ್ಟಗೆ ನಿಂತಿರುತ್ತೆ. ನೀನು ಇಳಿದು ಫೋನ್ ಮಾಡಿದ್ರೆ ನಾನು ಬರ್ತೀನಿ.'

ಅವಳು ಎರಡರ ತುದಿಯನ್ನೂ ಬಗ್ಗಿ ನೋಡಿದಳು. 'ಅಪ್ಪನ ಲಾರೀಲಿ ಯಾವುದಿತ್ತು?'

'ಹೊಸದರ ಥರದ್ದೇ. ಇನ್ನೂ ಸಣ್ಣದು.'

'ಛೆ. ಅವತ್ತು ನಿನ್ನ ಹತ್ರ ಒಂದ್ಸಲ ತೋರಿಸಿದ್ದಿದ್ರೆ...' ಎಂದಳು. ಯಾರನ್ನೂ ದೂರುವ ಧ್ವನಿಯಲ್ಲ. ಸಣ್ಣ ಮಗು ಅಪ್ಪನನ್ನು ನೆನೆಸಿಕೊಂಡಂತೆ ಅಂದಳು, ಅಷ್ಟೇ. ಅವನು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇಪ್ಪತ್ಮೂರು ವರ್ಷ ಸುಮ್ಮನಿದ್ದವನಿಗೆ ಇನ್ನೊಂದು ದಿನ ಏನು ಮಹಾ? ಆದರೆ ಅವಳು ಅದೇ ಬೆಟ್ಟಕ್ಕೆ ಹೊರಟಿದ್ದಳು, ಅವನು ಆರಿಸಿಕೊಟ್ಟ ಕಬ್ಬಿಣವನ್ನು ನಂಬಿ. ಯಾರನ್ನು ನಂಬುತ್ತಿದ್ದೇನೆಂದು ಅವಳಿಗೆ ಗೊತ್ತಿರಬೇಕಿತ್ತು.

'ತೋರಿಸಿದ್ದ' ಎಂದ.

ಅವಳು ತಿರುಗಿದಳು.

'ಹಿಂದಿನ ದಿನ ಇಲ್ಲಿಗೇ ತಂದಿದ್ದ. ಟಿಕ್ ಅಂತಿದೆ ಅಂದ. ಗಟ್ಟಿದು ಹಾಕೋಣ್ವಾ, ಇದೇ ಸಾಕಾ ಅಂತ ಕೇಳ್ದ. ನಾನು...' ಮುಂದೆ ಬರಬೇಕಾದದ್ದು ಅದೇ ಪದ. ಕೈ ತಾನೇ ಹೋಗಿ ಹಳೆಯ ಆಕ್ಸಲ್ಲನ್ನು ಎರಡು ಸಲ ತಟ್ಟಿತು. ಆ ಬೀದಿಯಲ್ಲಿ ಇಷ್ಟು ವರ್ಷ ಕೇಳುತ್ತ ಬಂದ ಟಪ್ ಟಪ್ ಏನೆಂದು ಅವಳಿಗೆ ಆಗ ತಿಳಿಯಿತು.

'ಬಿಚ್ಚಿ ನೋಡಿದ್ಯಾ?' ಎಂದು ಕೇಳಿದಳು.

'ಇಲ್ಲ.'

'ಯಾಕೆ?'

ಇದಕ್ಕೆ ಅವನು ಎಷ್ಟೋ ಉತ್ತರ ಕಟ್ಟಿಕೊಂಡಿದ್ದ. ಆ ಕಾಲದ ಶಾಫ್ಟುಗಳು ಹೊರಗಿನಿಂದ ಬಿರುಕು ತೋರಿಸುತ್ತಿರಲಿಲ್ಲ ಎಂದು, ಕೆಲಸ ಕೈತುಂಬ ಇತ್ತು ಎಂದು. ಅವಳ ಮುಖ ನೋಡಿದಾಗ ಒಂದೂ ನೆನಪಾಗಲಿಲ್ಲ. ನಿಜ ಮಾತ್ರ ನೆನಪಿತ್ತು.

'ಊಟದ ಹೊತ್ತಾಗಿತ್ತು' ಎಂದ.

ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬಟ್ಟೆಯ ಚೂರು ತೆಗೆದುಕೊಂಡು ಬೆರಳು ಬೆರಳಾಗಿ ಗ್ರೀಸು ಒರೆಸಿದಳು. 'ಅತ್ತೆಗೆ ಗೊತ್ತಾ?' ಎಂದಳು.

'ಇಲ್ಲ.'

'ಹೇಳಬೇಡಿ.'

ಹೇಳಬೇಡ ಅಲ್ಲ, ಹೇಳಬೇಡಿ. ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ನೀನು ಎಂದವಳು. ಆ ಒಂದು ಅಕ್ಷರದಲ್ಲಿ ಅವಳು ಅವನ ಹೆಗಲಿಂದ ಇಳಿದು, ಬೀದಿಯ ಆಚೆ ಬದಿಗೆ ಹೋಗಿ ನಿಂತಿದ್ದಳು. ಮರ್ಯಾದೆಯ ಮಾತು ಅಷ್ಟು ನೋಯಿಸುತ್ತದೆಂದು ಅವನಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಹಳೆಯದನ್ನೇ ಹಾಕಿದರು. ನಾಲ್ಕು ದಿನ ಹಿಡಿಯಿತು. ಅವಳು ಒಂದು ಗಂಟೆಯೂ ತಪ್ಪಿಸಲಿಲ್ಲ, ಅವನ ಎದುರು ಬದಿಯಲ್ಲಿ ಕೂತು ಚಕ್ರದ ಹಬ್ ಬಿಚ್ಚಿದಳು, ಬೇರಿಂಗ್ ತೊಳೆದಳು. ಮೊದಲ ದಿನ ವೆಲ್ಡರ್ ಜಾಕಿ ಎತ್ತುತ್ತಿದ್ದಾಗ ಮೇಸ್ತ್ರಿ ತಟ್ಟಲು ಕೈ ಎತ್ತಿದ. ಅಷ್ಟರಲ್ಲಿ ಅವಳು 'ಸಾಕು' ಎಂದಳು. ಮೆಲ್ಲಗೇ ಅಂದದ್ದು. ಆದರೂ ಆ ಶೆಡ್ಡಿನಲ್ಲಿ ಕೇಳಿ ಅಭ್ಯಾಸವಿಲ್ಲದ ಮಾತು, ವೆಲ್ಡರ್ ತಲೆಯೆತ್ತಿ ಇಬ್ಬರನ್ನೂ ನೋಡಿದ. ಆಮೇಲೆ ನಾಲ್ಕು ದಿನವೂ ಹಾಗೆಯೇ. ಎಣ್ಣೆ ಸುರಿದಾಗ ಸಾಕು, ನಟ್ಟು ಕೂತಾಗ ಸಾಕು. ಪ್ರತಿ ಸಲವೂ ಅವನು ಕಣ್ಣು ಕೆಳಗೆ ಹಾಕುತ್ತಿದ್ದ. ಅವಳು ಬೇಕೆಂದೇ ಅಂದಳೋ, ಕೆಲಸಕ್ಕೆಂದು ಅಂದಳೋ, ಅವಳಿಗೇ ಗೊತ್ತು.

ಐದನೆಯ ದಿನ ಬೆಳಿಗ್ಗೆ ಟ್ಯಾಂಕು ತುಂಬಿಸಿಕೊಂಡು ಹೊರಟಳು. ಅತ್ತೆ ಬುತ್ತಿ ಕಟ್ಟಿಕೊಟ್ಟು, ಬಾಗಿಲ ಹತ್ತಿರ ನಿಂತು ನೂರು ಸಲ ಹುಷಾರು ಎಂದಳು. ಅವಳು ಅತ್ತೆಯನ್ನು ತಬ್ಬಿಕೊಂಡು, ಅವನ ಕಡೆ ತಿರುಗಿ, 'ಬರ್ತೀನಿ ಮೇಸ್ತ್ರಿ, ನೀವು ಒಳಗೆ ಹೋಗಿ, ಬಿಸಿಲಿದೆ' ಎಂದಳು.

'ನೋಡಿದ್ರಾ ರೀ, ಕೆಲಸ ಸಿಕ್ಕಿದ್ದೇ ತಡ ಮಾವನಿಗೆ ಬಹುವಚನ!' ಎಂದು ಹೆಂಡತಿ ನಕ್ಕಳು. 'ಲಾರಿ ಹತ್ತಿದ ಮೇಲಾದರೂ ಮರ್ಯಾದೆ ಕಲಿತಳಲ್ಲ.' ಅವನೂ ನಗಬೇಕಾಯಿತು. ಲಾರಿ ಬೀದಿ ತಿರುಗುವವರೆಗೂ ಅವನು ಹಿಂದಿನ ಚಕ್ರಗಳನ್ನೇ ನೋಡುತ್ತ ನಿಂತಿದ್ದ.

ಆ ದಿನ ಅವನು ಶೆಡ್ಡು ತೆರೆಯಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನು ಬಂತು.

'ಮೇಸ್ತ್ರಿ, ನಾನು. ಮೇಲೆ ತಲುಪಿದೀನಿ. ಆ ತಿರುವು ದಾಟುವಾಗ ಎರಡು ಸಲ ಕಲ್ಲಿಗೆ ತಾಗಿತು, ಏನೂ ಆಗಿಲ್ಲ. ಆಕ್ಸಲ್ ಸರಿಯಾಗಿದೆ. ಅತ್ತೆಗೆ ಹೇಳಿಬಿಡಿ.'

ಊಟ ಆಯ್ತಾ ಎಂದು ಕೇಳಬೇಕೆನಿಸಿತು. ದಿನಾ ಕೇಳುತ್ತಿದ್ದದ್ದೇ. ಆದರೆ ಇನ್ನು ಆ ಮಾತನ್ನೂ ಅವಳ ಹತ್ತಿರ ಆಡುವ ಬಾಯಿ ಅವನಿಗಿರಲಿಲ್ಲ. 'ಹ್ಞೂಂ' ಎಂದ. ಅವಳು ಒಂದು ಗಳಿಗೆ ಕಾದು ಫೋನಿಟ್ಟಳು.

ಹೆಂಡತಿ ತಟ್ಟೆಗೆ ಅನ್ನ ಬಡಿಸುತ್ತ, 'ಏನಂದ್ಲು?' ಎಂದಳು.

'ತಲುಪಿದಳಂತೆ. ಆಕ್ಸಲ್ ಸರಿಯಾಗಿದೆಯಂತೆ.'

'ಅಷ್ಟೇನಾ? ಮಾವ ಹೇಗಿದೀಯ, ಏನು, ಎತ್ತ, ಒಂದು ಮಾತೂ ಇಲ್ವಾ?'

'ಅಷ್ಟು ಸಾಕು' ಎಂದ. ಹೇಳಿದ ಮೇಲೆ ಕಣ್ಣು ತುಂಬಿ ಬಂತು.

ಅವನು ಅನ್ನ ಸಾಕೆನ್ನುತ್ತಿದ್ದಾನೆಂದುಕೊಂಡು ಹೆಂಡತಿ ಬಡಿಸುವುದನ್ನು ನಿಲ್ಲಿಸಿದಳು. 'ಅಂತೂ ಬಾಯಿ ಬಿಟ್ರಲ್ಲ' ಎಂದು ಸಂತೋಷದಿಂದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.